ಹದಿನೇಳನೆಯ ಸಲಹೆ

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಗುಂಡುಸೂಜಿ ಅಂತ. ತೆಳ್ಳಗಿದ್ದಾಳೆ ಅನ್ನುವ ಕಾರಣಕ್ಕಲ್ಲ. ಬೆಳಗ್ಗೆ ಬಾಗಿಲು ತೆಗೆದ ಹೊತ್ತಿನಿಂದ ಸಂಜೆ ಬಾಗಿಲು ಎಳೆಯುವ ತನಕ ಅವಳ ತುಟಿಗಳ ನಡುವೆ ನಾಲ್ಕು ಗುಂಡುಸೂಜಿಗಳು ಇದ್ದೇ ಇರುತ್ತಿದ್ದವು. ಹೊಲಿಯುವವರು ಬಾಯಲ್ಲಿ ಸೂಜಿ ಕಚ್ಚಿಕೊಳ್ಳುವುದೇನೂ ಹೊಸದಲ್ಲ. ಆದರೆ ಇವಳು ಇಸ್ತ್ರಿ ಮಾಡುವಾಗಲೂ ಕಚ್ಚಿಕೊಂಡಿರುತ್ತಿದ್ದಳು, ಸಾಬೂನು ನೆನೆಹಾಕುವಾಗಲೂ ಕಚ್ಚಿಕೊಂಡಿರುತ್ತಿದ್ದಳು. ಬಾಯಲ್ಲಿ ಸೂಜಿ ಇದ್ದವರನ್ನು ಯಾರೂ ಮಾತಾಡಿಸುವುದಿಲ್ಲ, ಮಾತಾಡಿಸಿದರೂ ಉತ್ತರಕ್ಕೆ ಕಾಯುವುದಿಲ್ಲ ಎಂಬುದನ್ನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಂಡುಕೊಂಡಿದ್ದಳು.

ಶಾಲೆಯಲ್ಲಿ ಇಂಥ ಅನುಕೂಲ ಇರಲಿಲ್ಲ. ಹಾಜರಿ ಕೂಗಿದಾಗ ಅವಳು "ಇದ್ದೀನಿ" ಅಂದದ್ದು ಮೇಷ್ಟರ ಕಿವಿಯವರೆಗೆ ಹೋಗುತ್ತಲೇ ಇರಲಿಲ್ಲ. ಎಂಟನೇ ತರಗತಿಯ ಕೊನೆಗೆ ನೋಡಿದರೆ ಅವಳು ಅರ್ಧ ವರ್ಷ ಶಾಲೆಗೇ ಬಂದಿಲ್ಲವೆಂದು ಬರೆದಿತ್ತು. ಬಂದಿದ್ದೆ ಅಂತ ಹೇಳುವುದಕ್ಕೂ ಬಾಯಿ ಬೇಕಲ್ಲ. ಹಾಗೆ ಅವಳು ದೊಡ್ಡಮ್ಮನ ಅಂಗಡಿಗೆ ಬಂದಳು. ಬಂದು ಐದು ವರ್ಷವಾಗಿತ್ತು.

ಅಂಗಡಿಯ ಬೋರ್ಡಿನ ಮೇಲೆ 'ಒಗೆತ, ಇಸ್ತ್ರಿ, ರಿಪೇರಿ' ಎಂದಿತ್ತು. ಒಗೆತ ದೊಡ್ಡಪ್ಪನದು. ಅವನು ಹಿಂದಿನ ಕೋಣೆಯ ಹಬೆಯೊಳಗೆ ಮಸುಕು ಮಸುಕಾಗಿ ಓಡಾಡುತ್ತಿದ್ದ. ಇಸ್ತ್ರಿ, ರಿಪೇರಿ ಗುಂಡುಸೂಜಿಯದು. ಬೋರ್ಡಿನಲ್ಲಿ ಬರೆಯದೇ ಇದ್ದದ್ದೆಲ್ಲ ದೊಡ್ಡಮ್ಮನದು. ಅದರಲ್ಲಿ ಮುಖ್ಯವಾದದ್ದು ಅವಳ ಮೂಗು. ಗಿರಾಕಿ ಬಟ್ಟೆ ಬಿಚ್ಚಿ ಹರಡುವ ಮೊದಲೇ ದೊಡ್ಡಮ್ಮ ಒಮ್ಮೆ ಮೂಸಿ ಕಲೆಯ ಜಾತಕ ಹೇಳಿಬಿಡುತ್ತಿದ್ದಳು. "ಮೊಟ್ಟೆ. ಹಳದಿ ಭಾಗ. ನಿನ್ನೆ ಬೆಳಗ್ಗೆ. ಬಿಸಿನೀರಲ್ಲಿ ಉಜ್ಜಿದೀರ, ಅಲ್ವಾ? ಬುದ್ಧಿ ಎಲ್ಲಿಟ್ಟಿದ್ರಿ?" ಗಿರಾಕಿ ಕಳ್ಳನ ಹಾಗೆ ತಲೆ ತಗ್ಗಿಸುತ್ತಿದ್ದ. ಒಮ್ಮೆ ಒಬ್ಬಾಕೆ ಗಂಡನ ಕೋಟು ತಂದಾಗ ದೊಡ್ಡಮ್ಮ ಕಾಲರು ಮೂಸಿ, ಆಕೆಯ ಮುಖ ನೋಡಿ, ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಧೂಳು" ಎಂದಿದ್ದಳು. ಅವಳು ಸುಳ್ಳು ಹೇಳಿದ್ದನ್ನು ಗುಂಡುಸೂಜಿ ಈವರೆಗೆ ನೋಡಿದ್ದು ಅದೊಂದೇ ಸಲ.

ದೊಡ್ಡಮ್ಮನ ಮೂಗಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಣ್ಣಿಗೆ ಮಾತ್ರ ಬೇಕಿತ್ತು. ಯಾರು ಯಾವ ಬಟ್ಟೆ ಹಾಕಬೇಕು ಅನ್ನುವ ವಿಷಯ ಬಂದರೆ ಅವಳು ಗೋಡೆಯ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದ ದಪ್ಪ ಪುಸ್ತಕವನ್ನು ಎಳೆದುಕೊಳ್ಳುತ್ತಿದ್ದಳು. ಅದರೊಳಗೆ ಒಂದು ಕಾಲದ ವಾರಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಚೂರುಗಳಿದ್ದವು. ಅಂಕಣದ ಹೆಸರು 'ಅಕ್ಕನ ಕಪಾಟು'. ಪತ್ರಿಕೆ ನಿಂತು ಎಷ್ಟೋ ಕಾಲವಾಗಿತ್ತು. ದೊಡ್ಡಮ್ಮ ಮಾತ್ರ ಪ್ರತಿ ಚೂರಿಗೂ ಕೆಂಪು ಪೆನ್ಸಿಲಿನಲ್ಲಿ ಅಂಕಿ ಹಾಕಿ, ನಲವತ್ತೊಂದು ಸಲಹೆಗಳನ್ನೂ ಬಾಯಿಪಾಠ ಮಾಡಿ, ಮನೆಯವರ ಮೇಲೆ ಜಾರಿ ಮಾಡಿದ್ದಳು.

ಮೂರನೆಯ ಸಲಹೆ: ಕುಳ್ಳಗಿರುವವರು ಉದ್ದಗೆರೆ ಧರಿಸಬೇಕು. ದೊಡ್ಡಪ್ಪ ಕುಳ್ಳ. ಮದುವೆಯಾದ ಮರುದಿನದಿಂದ ಅವನು ಉದ್ದಗೆರೆಯ ಅಂಗಿಯಲ್ಲೇ ಇದ್ದ. ಎತ್ತರ ಒಂದಂಗುಲವೂ ಹೆಚ್ಚಾಗಲಿಲ್ಲ. ಒಂಬತ್ತನೆಯದು: ಸಂಜೆ ಆರರ ಮೇಲೆ ಕಂದು ಬಣ್ಣ ಕೂಡದು. ಹದಿನೇಳನೆಯದು: ಕಪ್ಪು ಮೈಬಣ್ಣದ ಸೋದರಿಯರು ಹಳದಿಯ ಹತ್ತಿರ ಸುಳಿಯಬಾರದು, ಬೂದಿ ಬಣ್ಣವೇ ಅವರಿಗೆ ಭೂಷಣ. ಇಪ್ಪತ್ತಾರನೆಯದು: ನಲವತ್ತು ದಾಟಿದವರು ಹೂವಿನ ಚಿತ್ತಾರ ಬಿಡಬೇಕು, ಬಿಡಲಾಗದಿದ್ದರೆ ಎಲೆ.

ಗುಂಡುಸೂಜಿ ಕಪ್ಪಗಿದ್ದಳು. ಆದ್ದರಿಂದ ಅವಳಿಗೆ ಬೂದಿ. ವಾರದಲ್ಲಿ ಆರು ದಿನ ಬೂದಿ, ಏಳನೆಯ ದಿನ ಒಗೆದ ಬೂದಿ. ಅಂಗಡಿಯ ಗೋಡೆಯೂ ಬೂದಿ.

ಹಾಗಾಗಿ ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದ್ದ, ಅಂಗಡಿ ತೆರೆದ ಇಪ್ಪತ್ತೈದನೆಯ ವರ್ಷದ ಫೋಟೋದಲ್ಲಿ ಎಡವಟ್ಟಾಗಿತ್ತು. ದೊಡ್ಡಮ್ಮ ನಡುವೆ ಪೂರ್ಣಚಂದ್ರನ ಹಾಗೆ ಕೂತಿದ್ದಳು. ಪಕ್ಕದಲ್ಲಿ ಗೆರೆಗೆರೆಯಾಗಿ ದೊಡ್ಡಪ್ಪ. ಹಿಂದೆ, ಗೋಡೆಯಿಂದಲೇ ಹೊರಬಂದಂತೆ, ಇಸ್ತ್ರಿಪೆಟ್ಟಿಗೆ ಹಿಡಿದ ಎರಡು ಕೈ. ಮುಖದ ಮೇಲೆ ದೊಡ್ಡಮ್ಮನ ತುರುಬಿನ ನೆರಳು ಬಿದ್ದಿತ್ತು, ಉಳಿದದ್ದನ್ನು ಗೋಡೆ ನುಂಗಿತ್ತು. "ಆ ಕೈ ಯಾರದು?" ಎಂದು ಗಿರಾಕಿಗಳು ಕೇಳುತ್ತಿದ್ದರು. ಬಾಯಲ್ಲಿ ಸೂಜಿ ಇಟ್ಟುಕೊಂಡು ಅದಕ್ಕೆ ಉತ್ತರ ಹೇಳುವುದು ಹೇಗೆ? ಐದು ವರ್ಷ ಅವಳು ಪ್ರತಿ ಬೆಳಗ್ಗೆ ಆ ಫೋಟೋದ ಗಾಜು ಒರೆಸಿದ್ದಳು.

ಈ ಭಾನುವಾರ ಮೂವತ್ತನೆಯ ವರ್ಷದ ಫೋಟೋ. ಅದೂ ಕಿಟಕಿಯಲ್ಲಿ ಇನ್ನೈದು ವರ್ಷ ಕೂರುತ್ತದೆ. ಈ ಸಲವಾದರೂ ಅದರಲ್ಲಿ ಕಾಣಬೇಕು ಅನ್ನುವುದು ಗುಂಡುಸೂಜಿಯ ಒಂದೇ ಆಸೆ. ಅದಕ್ಕೆ ಬೇಕಾದದ್ದನ್ನು ಅವಳು ಸದ್ದಿಲ್ಲದೆ ಸಿದ್ಧಮಾಡಿದ್ದಳು. ಯಾರೋ ಒಗೆಯಲು ಕೊಟ್ಟು ಮರೆತುಹೋದ ಪರದೆಯೊಂದು ವರ್ಷವಿಡೀ ಕಾದು, ಅಂಗಡಿಯ ನಿಯಮದಂತೆ ಒರಸುಬಟ್ಟೆಗಳ ಮೂಟೆಗೆ ಬಿದ್ದಿತ್ತು. ಹಳದಿ ಅಂದರೆ ಹಳದಿ. ಕತ್ತಲೆ ಕೋಣೆಯಲ್ಲೂ ಮೂಟೆಯ ಬಾಯಿಂದ ಇಣುಕಿ ಕರೆಯುವಂಥದ್ದು. ಅದನ್ನು ಬಿಚ್ಚಿ, ಬಣ್ಣ ಹೋಗದಂತೆ ಉಪ್ಪು ನೀರಲ್ಲಿ ನೆನೆಸಿ, ಮಧ್ಯಾಹ್ನದ ಬಿಡುವಿನಲ್ಲಿ ಒಂದೊಂದೇ ಹೊಲಿಗೆ ಹಾಕಿ ಉದ್ದನೆಯ ಅಂಗಿ ಮಾಡಿದ್ದಳು. ಪರದೆಯ ಉಂಗುರ ಪೋಣಿಸುತ್ತಿದ್ದ ತೂತುಗಳನ್ನು ಕತ್ತಿನ ಹತ್ತಿರ ತಂದು ಕಸೂತಿ ಅನ್ನಿಸುವಂತೆ ಸುತ್ತಲೂ ದಾರ ಸುತ್ತಿದ್ದಳು. ಅಂಗಿ ಮೂಟೆಯ ತಳದಲ್ಲಿ ಕಾಯುತ್ತಿತ್ತು. ಮೂಟೆಗೂ ಭಾನುವಾರಕ್ಕೂ ಮಧ್ಯೆ ಹದಿನೇಳನೆಯ ಸಲಹೆ ಅಡ್ಡ ನಿಂತಿತ್ತು.

ಬುಧವಾರ ಮಧ್ಯಾಹ್ನ ದೊಡ್ಡಮ್ಮ ಊಟಕ್ಕೆ ಮಹಡಿಗೆ ಹೋಗಿದ್ದಾಗ ಅಚ್ಚಿನ ತಾತ ಬಂದರು. ಜೀವಮಾನವೆಲ್ಲ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ ಈಗ ಮನೆಯಲ್ಲೇ ಕೈಯಿಂದ ಒತ್ತುವಷ್ಟು ಚಿಕ್ಕ ಯಂತ್ರವಿಟ್ಟುಕೊಂಡು ಔಷಧಿ ಸೀಸೆಗಳ ಚೀಟಿ ಅಚ್ಚುಹಾಕುತ್ತಿದ್ದವರು. ಯಾವಾಗಲೂ ಅದೇ ಕಂದು ಪ್ಯಾಂಟು, ಜೇಬಿನಲ್ಲಿ ಶಾಯಿ ಕಲೆಯಿದ್ದ ಅದೇ ಬಿಳಿ ಅಂಗಿ. ಪ್ಯಾಂಟಿನ ತುದಿ ನೆಲ ಗುಡಿಸುತ್ತಿತ್ತು.

"ಪ್ಯಾಂಟು ಉದ್ದ ಆಗಿಲ್ಲ ಕಣಮ್ಮ, ನಾನೇ ಗಿಡ್ಡ ಆಗ್ತಿದೀನಿ" ಎನ್ನುತ್ತ ಸ್ಟೂಲಿನ ಮೇಲೆ ಹತ್ತಿ ನಿಂತರು. ಗುಂಡುಸೂಜಿ ಕೆಳಗೆ ಮಂಡಿಯೂರಿ ಪ್ಯಾಂಟಿನ ಅಂಚು ಮಡಿಸಿ ಸೂಜಿ ಚುಚ್ಚತೊಡಗಿದಳು. ಅಲುಗಾಡುವಂತಿಲ್ಲದೆ ಬೇಸರವಾಗಿ ತಾತ ಗೋಡೆಯ ಪುಸ್ತಕ ಎಳೆದು, ಕನ್ನಡಕ ಮೂಗಿನ ತುದಿಗೆ ಜಾರಿಸಿ ಜೋರಾಗಿ ಓದಿದರು. "ಸಂಜೆ ಆರರ ಮೇಲೆ ಕಂದು ಬಣ್ಣ ಕೂಡದು. ಹಹ್ಹ!" ಆಮೇಲೆ ನಗು ನಿಂತಿತು. ಎರಡು ಪುಟ ತಿರುವಿದರು. ಮೂರು ಪುಟ.

"ಅಯ್ಯೋ ಶಿವನೇ. ಇದನ್ನ ಇನ್ನೂ ಯಾರೋ ಇಟ್ಕೊಂಡಿದ್ದಾರಾ?"

ಗುಂಡುಸೂಜಿ ತಲೆ ಎತ್ತಿದಳು.

"ಇದನ್ನ ಬರೆದದ್ದು ನಾನು ಕಣಮ್ಮ."

ಒಂದು ಸೂಜಿ ಗಂಟಲ ಕಡೆ ಹೊರಟಿತ್ತು. ಹೇಗೋ ನಾಲಿಗೆಯಿಂದ ವಾಪಸು ತಳ್ಳಿದಳು.

ಬಾಯಲ್ಲಿ ಸೂಜಿ ಇದ್ದವರ ಮುಂದೆ ಜನ ಏನನ್ನು ಬೇಕಾದರೂ ಹೇಳಿಬಿಡುತ್ತಾರೆ. ತಾತನೂ ಹೇಳಿದರು. ನಿಜವಾದ ಅಕ್ಕ ಒಬ್ಬಳಿದ್ದಳಂತೆ. ಮೂರು ವಾರ ಬರೆದು ನಾಲ್ಕನೆಯ ವಾರ ಲೇಖನ ಕಳಿಸಲೇ ಇಲ್ಲ. ಪುಟದಲ್ಲಿ ಜಾಗ ಬಾಯಿ ಬಿಟ್ಟುಕೊಂಡಿತ್ತು, ಯಂತ್ರ ಕಾಯುತ್ತಿತ್ತು. "ಏನಾದ್ರೂ ತುಂಬಿಸಯ್ಯಾ" ಅಂದರು ಸಂಪಾದಕರು. "ತುಂಬಿಸ್ದೆ. ಆಗ ನನ್ನ ಹತ್ರ ಇದ್ದದ್ದು ಎರಡು ಅಂಗಿ, ಒಂದು ಪ್ಯಾಂಟು. ಇದೇ ಕಂದು ಜಾತೀದು. ಅವತ್ತು ಸಂಜೆ ನನ್ನ ಹೆಂಡ್ತಿ, ಈ ಪ್ಯಾಂಟಲ್ಲಿ ನೀವು ಬಂದ್ರೆ ನಿಮ್ಮ ಜೊತೆ ಬೀದಿಗೆ ಬರಲ್ಲ ಅಂದಿದ್ಲು. ಅದನ್ನೇ ಬರೆದೆ."

ಗುಂಡುಸೂಜಿ ಎದ್ದು ನಿಂತಳು. ಪುಟ ತಿರುವಿ ಹದಿನೇಳರ ಮೇಲೆ ಬೆರಳಿಟ್ಟಳು.

ತಾತ ಕಿವಿ ಕೆರೆದುಕೊಂಡರು. "ಇದಾ... ಆ ವಾರ ಮುಖಪುಟಕ್ಕೆ ಒಬ್ಬ ಹೆಂಗಸಿನ ಚಿತ್ರ. ಒಳ್ಳೆ ಹೊಳೆಯೋ ಕಪ್ಪು, ಹಳದಿ ಉಡುಪು, ನೋಡೋಕೆ ಎರಡು ಕಣ್ಣು ಸಾಲ್ದು. ನಾನು ಹಳದಿ ಶಾಯಿ ಜಾಸ್ತಿ ತೆಳ್ಳಗೆ ಮಾಡಿಬಿಟ್ಟೆ. ಉಡುಪಿನಿಂದ ಹರಿದು ಕತ್ತು, ಮುಖ, ಪತ್ರಿಕೆ ಹೆಸರು, ಎಲ್ಲ ಹಳದಿ. ಐದು ಸಾವಿರ ಪ್ರತಿ. ಸಂಪಾದಕರು ನನ್ನ ಚರ್ಮ ಸುಲಿಯೋಕೆ ಬಂದ್ರು. ತಪ್ಪು ಶಾಯೀದಲ್ಲ, ಆ ಬಣ್ಣ ಆ ಮೈಗೆ ಹೊಂದಲ್ಲ ಅಂತ ಮುಂದಿನ ವಾರ ಅಕ್ಕನ ಬಾಯಲ್ಲಿ ಹೇಳಿಸಿದೆ. ಕೆಲಸ ಉಳೀತು."

ತನ್ನ ಐದು ವರ್ಷದ ಬೂದಿಯೆಲ್ಲ ಒಂದು ಡಬ್ಬ ತೆಳ್ಳನೆ ಶಾಯಿಯಿಂದ ಬಂದದ್ದೆಂದು ಗುಂಡುಸೂಜಿ ನಿಂತಲ್ಲೇ ಲೆಕ್ಕ ಹಾಕಿದಳು. ಸಿಟ್ಟು ಬರಬೇಕಿತ್ತು. ಸೂಜಿ ಇದ್ದದ್ದರಿಂದ ನಗಲೂ ಆಗದೆ ಮೂಗಿನಿಂದ ಒಂದು ವಿಚಿತ್ರ ಸದ್ದು ಬಂತು. ಆಮೇಲೆ ಇಪ್ಪತ್ತಾರನ್ನು ತೋರಿಸಿದಳು.

"ಹೂವಾ? ಅದು ಪತ್ರಿಕೆ ಮಾಲೀಕರ ಹೆಂಡ್ತಿ ಮೇಲಿನ ಸಿಟ್ಟಿಗೆ. ಎಲ್ಲರ ಮುಂದೆ ನನಗೆ ಬೈದ್ರು. ಮೈ ತುಂಬ ಹೂವಿನ ಗೌನು ಹಾಕ್ಕೊಂಡಿದ್ರು. ವಯಸ್ಸು ಸರಿಯಾಗಿ ನಲವತ್ತೊಂದು." ಆಮೇಲೆ ಪುಸ್ತಕ ಮುಚ್ಚಿ, "ನಿಮ್ಮ ದೊಡ್ಡಮ್ಮಂಗೆ ನಾನೇ ಹೇಳಿಬಿಡ್ಲಾ?" ಅಂದರು.

ಗುಂಡುಸೂಜಿ ತಲೆ ಕೊಡವಿದ ರಭಸಕ್ಕೆ ಜಡೆ ಬಿಚ್ಚಿಹೋಯಿತು.

ಯಾಕೆಂದರೆ ಮಹಡಿಯ ಟ್ರಂಕಿನಲ್ಲಿ ಒಂದು ಗೌನಿತ್ತು. ತಿಳಿಗೆಂಪು ನೆಲದ ಮೇಲೆ ಎಲೆಕೋಸಿನಷ್ಟು ದೊಡ್ಡ ಗುಲಾಬಿಗಳು. ವರ್ಷಕ್ಕೆರಡು ಸಲ ನುಸಿಗುಳಿಗೆ ಬದಲಾಯಿಸುವ ನೆಪದಲ್ಲಿ ದೊಡ್ಡಮ್ಮ ಅದನ್ನು ತೆಗೆದು, ಭುಜಕ್ಕೆ ಹಿಡಿದು ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು. ಆಮೇಲೆ ಮಗುವನ್ನು ಮಲಗಿಸುವ ಹಾಗೆ ಮಡಿಸಿ ವಾಪಸು ಇಡುತ್ತಿದ್ದಳು. ನಲವತ್ತು ತುಂಬಿದ ದಿನ ಇಟ್ಟದ್ದು. ಬಾಗಿಲ ಸಂದಿಯಿಂದ ಗುಂಡುಸೂಜಿ ಅದನ್ನು ಹತ್ತು ಸಲ ನೋಡಿದ್ದಳು. ಹದಿನೈದು ವರ್ಷ ಹೂವು ಬಿಟ್ಟದ್ದು ಯಾರದೋ ಹೆಂಡತಿಯ ಮೇಲಿನ ಸಿಟ್ಟಿಗೆ ಅಂತ ಆ ಹೆಂಗಸಿಗೆ ಹೇಳುವುದೇ?

ಇಷ್ಟನ್ನು ತಾತನಿಗೆ ತಿಳಿಸಲು ಬಟ್ಟೆಗೆ ಕಟ್ಟುವ ಚೀಟಿಗಳು ಒಂಬತ್ತು ಬೇಕಾದವು. ಗುಂಡುಸೂಜಿ ಬರೆಯುತ್ತ ಹೋದಳು, ತಾತ ಸ್ಟೂಲಿನ ಮೇಲೆ ನಿಂತೇ ಓದುತ್ತ ಹೋದರು. ಓದಿ ಮುಗಿಸಿ ಮುಖ ಸಣ್ಣದು ಮಾಡಿಕೊಂಡರು.

"ಅಚ್ಚಿನಲ್ಲಿ ತಪ್ಪು ಬಿದ್ರೆ ಮುಂದಿನ ಸಂಚಿಕೇಲಿ ತಿದ್ದುಪಡಿ ಹಾಕೋದು ನಮ್ಮ ಕಸುಬಿನ ಮರ್ಯಾದೆ. ನಂದು ಸ್ವಲ್ಪ ತಡ ಆಯ್ತು. ಶುಕ್ರವಾರ ತಂದುಕೊಡ್ತೀನಿ. ಹಳೇ ಮೊಳೆ ಇನ್ನೂ ಇದೆ."

ಗುಂಡುಸೂಜಿ ಹತ್ತನೆಯ ಚೀಟಿ ಬರೆದಳು: 'ಕಾಗದ ಹಳೆಯದಾಗಿ ಕಾಣಲು ಚಹಾ ನೀರಲ್ಲಿ ಅದ್ದಿ. ಹಾಲು ಬೇಡ.'

ಶುಕ್ರವಾರ ತಾತ ತಂದ ಕಾಗದ ಮುದ್ದೆಯಾಗಿತ್ತು. ಇನ್ನೂ ತೇವ ಆರಿರಲಿಲ್ಲ. ಬಣ್ಣವೇನೋ ಚೆನ್ನಾಗಿ ಬಂದಿತ್ತು. ಆದರೆ ವಾಸನೆ?

"ಹಾಲಿಲ್ಲದ ಚಹಾ ನಮ್ಮನೇಲಿ ಮಾಡೋದೇ ಇಲ್ಲ ಕಣಮ್ಮ" ಎಂದು ತಾತ ಪಿಸುಗುಟ್ಟಿದರು. "ಕಾಗದಕ್ಕೆ ಅಂತ ಬೇರೆ ಕುದಿಸು ಅಂದ್ರೆ ನನ್ನ ಹೆಂಡ್ತಿ ಬಿಡ್ತಾಳಾ? ನನ್ನ ಲೋಟದಲ್ಲೇ ಅದ್ದಿದೆ."

ಮೆಟ್ಟಿಲ ಮೇಲೆ ದೊಡ್ಡಮ್ಮನ ಹೆಜ್ಜೆ ಕೇಳಿಸಿತು. ಯೋಚಿಸಲು ಹೊತ್ತಿರಲಿಲ್ಲ. ಗುಂಡುಸೂಜಿ ಕಾಗದವನ್ನು ಹಲಗೆಯ ಮೇಲೆ ಹರಡಿ ಇಸ್ತ್ರಿಪೆಟ್ಟಿಗೆ ಎಳೆದು, ಪುಸ್ತಕದ ಕೊನೆಯ ಪುಟದೊಳಗೆ ಸಿಕ್ಕಿಸಿ, ಮುಖ ಒರೆಸಿಕೊಂಡಳು.

ಶನಿವಾರ ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ದೊಡ್ಡಮ್ಮ ಪುಸ್ತಕ ಬಿಚ್ಚಿದಳು. "ನಾಳೆ ಯಾರ್ಯಾರು ಏನೇನು ಅಂತ ಈಗಲೇ ಗೊತ್ತು ಮಾಡಿಬಿಡೋಣ. ಒಗೆಯೋರೇ, ನಿಮಗೆ ಉದ್ದಗೆರೆ."

"ಗೊತ್ತು" ಅಂತು ಹಬೆ.

"ಗುಂಡುಸೂಜಿ, ನಿಂಗೆ ಬೂ... ಇದೇನಿದು?"

ಕಾಗದ ಅವಳ ಕೈಗೆ ಬಂದಿತ್ತು. ದೊಡ್ಡಮ್ಮ ಜೋರಾಗಿ ಓದಿದಳು. "ತಿದ್ದುಪಡಿ. ಹಿಂದಿನ ಸಂಚಿಕೆಗಳಲ್ಲಿ ಅಚ್ಚಿನ ದೋಷದಿಂದ ಎರಡು ಸಲಹೆಗಳು ವ್ಯತ್ಯಾಸವಾಗಿವೆ. ಕಪ್ಪು ಮೈಬಣ್ಣದ ಸೋದರಿಯರು ಹಳದಿಯನ್ನು ಧಾರಾಳವಾಗಿ ಧರಿಸಬಹುದು. ನಲವತ್ತು ದಾಟಿದವರು..." ಧ್ವನಿ ಅಲ್ಲಿಗೆ ನಿಂತಿತು. ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ, ಗುಂಡುಸೂಜಿ ಹೆದರಿದ್ದಂತೆಯೇ, ಕಾಗದವನ್ನು ಮೂಗಿಗೆ ಹಿಡಿದಳು.

ಎರಡು ಸಲ ಮೂಸಿದಳು.

"ಚಹಾ" ಅಂದಳು ದೊಡ್ಡಮ್ಮ. "ಹಾಲು ಹಾಕಿದ್ದು. ಎರಡು ಚಮಚ ಸಕ್ಕರೆ. ಗುರುವಾರ ಸಂಜೇದು." ಕಾಗದವನ್ನು ಬೆಳಕಿಗೆ ಹಿಡಿದಳು. "ಮೇಲೆ ಇಸ್ತ್ರಿ ಬೇರೆ. ನಡುವಿನಿಂದ ಅಂಚಿಗೆ ಎಳೆದಿದ್ದಾರೆ, ನಾನು ಕಲಿಸಿದ ಹಾಗೇ." ಗುಂಡುಸೂಜಿಯ ಕಡೆ ತಿರುಗಿದಳು. "ಹಾಲಿನ ಕಲೆಗೆ ಬಿಸಿ ತಾಗಿಸಬಾರದು, ತಾಗಿಸಿದ್ರೆ ಜನ್ಮದಲ್ಲಿ ಬಿಡಲ್ಲ ಅಂತ ನಿಂಗೆ ಎಷ್ಟು ಸಲ ಬಡ್ಕೊಂಡಿದೀನಿ?"

ಗುಂಡುಸೂಜಿ ನೆಲ ನೋಡಿದಳು. ಕಿವಿಯಿಂದ ಹಬೆ ಬರುತ್ತಿರುವಂತೆ ಅನ್ನಿಸಿತು.

"ಸೂಜಿ ತೆಗಿ."

ಒಂದು. ಎರಡು. ಮೂರು. ನಾಲ್ಕನೆಯದು ತುಟಿಗೆ ಅಂಟಿಕೊಂಡು ಸತಾಯಿಸಿತು.

"ಈಗ ಹೇಳು."

ಸೂಜಿ ಇಲ್ಲದ ಬಾಯಿ ಬಾಗಿಲಿಲ್ಲದ ಮನೆಯಂತಿತ್ತು. ತಾತನ ಗುಟ್ಟು ನಾಲಿಗೆಯ ತುದಿಯಲ್ಲೇ ಕೂತಿತ್ತು. ಅದನ್ನು ಉಗುಳಿದರೆ ಹಳದಿ ಅವಳದು, ಒಂದೇ ಮಾತಿಗೆ ಪುಸ್ತಕವೆಲ್ಲ ರದ್ದಿ. ದೊಡ್ಡಮ್ಮನ ಹೆಬ್ಬೆರಳು ಕಾಗದದಲ್ಲಿ ಹೂವಿನ ಸಾಲಿನ ಮೇಲಿಂದ ಇನ್ನೂ ಎದ್ದಿರಲಿಲ್ಲ. ಗುಂಡುಸೂಜಿ ಅದನ್ನು ನೋಡಿದಳು. ಗುಟ್ಟನ್ನು ನುಂಗಿದಳು.

"ನಾನು ಫೋಟೋದಲ್ಲಿ ಕಾಣಬೇಕು ದೊಡ್ಡಮ್ಮ" ಅಂದಳು.

"ಏನು? ಜೋರಾಗಿ ಹೇಳು."

"ನಾನು ಕಾಣಬೇಕು! ಅಕ್ಕ ಏನಾದ್ರೂ ಹೇಳ್ಲಿ. ನಂಗೆ ಹಳದಿ ಅಂಗಿ ಬೇಕು. ಹೊಲಿದಾಗಿದೆ."

ಐದು ವರ್ಷದಲ್ಲಿ ಅಷ್ಟು ಉದ್ದದ ಮಾತು ಅವಳ ಬಾಯಿಂದ ಯಾರೂ ಕೇಳಿರಲಿಲ್ಲ. ದೊಡ್ಡಪ್ಪ ಹಬೆಯಿಂದ ತಲೆ ಹೊರಗೆ ಹಾಕಿದ, ಅಂಗಡಿಗೆ ಯಾರೋ ಹೊಸಬರು ಬಂದರು ಅಂದುಕೊಂಡು.

"ಹೋದ ಸಲವೂ ಇದ್ದೆಯಲ್ಲೇ ಫೋಟೋದಲ್ಲಿ" ಎಂದು ದೊಡ್ಡಮ್ಮ ಕಿಟಕಿಯಿಂದ ಫೋಟೋ ಬಿಚ್ಚಿ ತಂದಳು. "ಇಲ್ಲಿ... ಇಲ್ಲೇ ಎಲ್ಲೋ..." ಕನ್ನಡಕ ಹಾಕಿಕೊಂಡಳು. ತೆಗೆದಳು. ದೊಡ್ಡಪ್ಪ ಒದ್ದೆ ಕೈ ಒರೆಸಿಕೊಂಡು ಬಂದು ಅವಳ ಭುಜದ ಮೇಲಿಂದ ಬಗ್ಗಿದ.

"ಈ ಕೈ ಅವಳದಾ?" ಅಂದ. "ನಾನು ಇಷ್ಟು ವರ್ಷ ಯಾರೋ ಕೈಗವಸು ಒಣಹಾಕಿದ್ದಾರೆ ಅಂದ್ಕೊಂಡಿದ್ದೆ."

ದೊಡ್ಡಮ್ಮ ನಗಲಿಲ್ಲ. ಫೋಟೋವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಮೇಜಿನ ಮೇಲೆ ಬೋರಲು ಹಾಕಿ, ಕಾಗದ ಎತ್ತಿಕೊಂಡು ಮಹಡಿಗೆ ಹೋದಳು. ಮೇಲೆ ಟ್ರಂಕಿನ ಮುಚ್ಚಳ ಕಿರ್ರೆಂದಿತು. ನುಸಿಗುಳಿಗೆಯ ವಾಸನೆ ಮೆಟ್ಟಿಲಿಳಿದು ಅಂಗಡಿಯವರೆಗೂ ಬಂತು.

ವಾಪಸು ಬಂದಾಗ ಅವಳ ಕೈಯಲ್ಲಿ ಅಂಟಿನ ಸೀಸೆಯಿತ್ತು. ತಿದ್ದುಪಡಿಗೆ ಹಿಂದಿನಿಂದ ಅಂಟು ಸವರಿ, ಪುಸ್ತಕದ ಕೊನೆಯ ಪುಟಕ್ಕೆ ಒತ್ತಿ, ಕೆಂಪು ಪೆನ್ಸಿಲಿನಲ್ಲಿ ನಲವತ್ತೆರಡು ಎಂದು ಬರೆದಳು.

"ಪತ್ರಿಕೆ ಅಂದ್ಮೇಲೆ ಒಂದೆರಡು ಹನಿ ಚಹಾ ಬೀಳೋದೇ" ಅಂದಳು. ಅವಳು ಸುಳ್ಳು ಹೇಳಿದ್ದನ್ನು ಗುಂಡುಸೂಜಿ ನೋಡಿದ್ದು ಅದು ಎರಡನೆಯ ಸಲ. "ಅಕ್ಕ ಹೇಳಿದ ಮೇಲೆ ಮುಗೀತು. ಅಂಗಿ ತಗೊಂಡು ಬಾ, ನೋಡೋಣ. ಕತ್ತು ವಕ್ರ ಹೊಲಿದಿದ್ರೆ ಮಾತ್ರ ಸುಮ್ನೆ ಬಿಡಲ್ಲ."

"ಗೆರೆ ವಿಷಯ ಏನಾದ್ರೂ ತಿದ್ದುಪಡಿ ಇದೆಯಾ ಅದರಲ್ಲಿ?" ದೊಡ್ಡಪ್ಪ ಆಸೆಯಿಂದ ಕೇಳಿದ.

"ಇಲ್ಲ."

ದೊಡ್ಡಪ್ಪ ಹಬೆಯೊಳಗೆ ಹೋದ.

ಭಾನುವಾರ ಫೋಟೋದವನು ಮೂರು ಸಲ ಸೀನಿದ. ಗುಲಾಬಿಗಳಿಗೆ ಹದಿನೈದು ವರ್ಷದ ನುಸಿಗುಳಿಗೆ ಹತ್ತಿತ್ತು. ಗೌನಿನ ಬೆನ್ನಿನ ಗುಂಡಿಗಳು ಕೂಡದೆ ಗುಂಡುಸೂಜಿ ತನ್ನ ನಾಲ್ಕೂ ಸೂಜಿಗಳನ್ನು ಅಲ್ಲಿ ಚುಚ್ಚಿದ್ದಳು. "ಉಸಿರು ಬಿಡಬೇಡ ದೊಡ್ಡಮ್ಮ" ಎಂದು ಪಿಸುಗುಟ್ಟಿದಳು. "ಬಿಟ್ರೆ ನೀನೇ ಹಿಂದೆ ನಿಂತಿರೋದು, ಸೂಜಿ ಹಾರಿ ನಿನ್ನ ಕಣ್ಣಿಗೇ ಬೀಳೋದು" ಅಂದಳು ದೊಡ್ಡಮ್ಮ, ತುಟಿ ಅಲುಗಿಸದೆ. ಬಾಯಲ್ಲಿ ಸೂಜಿ ಇಲ್ಲದ ಗುಂಡುಸೂಜಿ ಹಳದಿ ಅಂಗಿಯಲ್ಲಿ ಬೂದಿ ಗೋಡೆಯ ಮುಂದೆ ನಿಂತಿದ್ದಳು. ಕತ್ತಲೆಯಲ್ಲಿ ಯಾರೋ ಬೆಂಕಿಕಡ್ಡಿ ಗೀರಿದಂತೆ ಕಾಣುತ್ತಿದ್ದಳು.

ಬೀದಿಯ ಆಚೆ ಬದಿಯಿಂದ ಅಚ್ಚಿನ ತಾತ ಇದನ್ನೆಲ್ಲ ನೋಡುತ್ತ ನಿಂತಿದ್ದರು. ಫೋಟೋ ಮುಗಿದದ್ದೇ ದೊಡ್ಡಮ್ಮ ಅವರನ್ನು ಕೂಗಿದಳು. "ಏನ್ರೀ ಅಚ್ಚಿನೋರೇ! ಆರು ಗಂಟೆ ಆಗ್ತಾ ಬಂತು. ಆ ಕಂದು ಪ್ಯಾಂಟು ಹಾಕ್ಕೊಂಡು ಬೀದೀಲಿ ನಿಲ್ಲಬೇಡಿ." ಅವರು ಹೊರಡುವ ಮೊದಲೇ, "ಚಹಾಕ್ಕೆ ಸಕ್ಕರೇನೂ ಕಮ್ಮಿ ಮಾಡಿ. ಈ ವಯಸ್ಸಲ್ಲಿ ಎರಡು ಚಮಚ ಜಾಸ್ತಿ" ಅಂದಳು.

ತಾತ ಹೊಸದಾಗಿ ಗಿಡ್ಡ ಮಾಡಿಸಿದ ಪ್ಯಾಂಟಿನಲ್ಲಿ ಸರಸರನೆ ಮನೆಯ ದಾರಿ ಹಿಡಿದರು.

ಫೋಟೋ ಹತ್ತು ದಿನದ ಮೇಲೆ ಕಿಟಕಿಗೆ ಬಂತು. ಗುಲಾಬಿಗಳು ಚೌಕಟ್ಟು ಸಾಲದೆ ಹೊರಗೆ ಉಕ್ಕುವಂತಿದ್ದವು. ದೊಡ್ಡಪ್ಪ ಇದ್ದಷ್ಟೇ ಎತ್ತರವಿದ್ದ. ಗುಂಡುಸೂಜಿ, ಇಡೀ ಬೀದಿಗೆ ಕಾಣುವಂತೆ, ಕಣ್ಣು ಮುಚ್ಚಿಕೊಂಡಿದ್ದಳು.

ಮೊದಲ ದಿನವೇ ಕೋಟು ಕೊಡಲು ಬಂದ ಹೆಂಗಸೊಬ್ಬಳು ಕಿಟಕಿಯತ್ತ ಬೆರಳು ಮಾಡಿದಳು. "ಆ ಹಳದಿ ಅಂಗಿ ಹುಡುಗಿ ಯಾರು?"

ಗುಂಡುಸೂಜಿಯ ಬಾಯಲ್ಲಿ ಸೂಜಿಗಳಿದ್ದವು. ಒಂದೊಂದಾಗಿ ತೆಗೆದು ಹಲಗೆಯ ಮೇಲೆ ಸಾಲಾಗಿ ಇಟ್ಟಳು. ಹೆಂಗಸು ಕಾದಳು.

"ನಾನು" ಅಂದಳು ಗುಂಡುಸೂಜಿ.

ಹೆಂಗಸಿಗೆ ಒಂದೇ ಸಲಕ್ಕೆ ಕೇಳಿಸಿತು. ಒಳಗಿದ್ದ ದೊಡ್ಡಮ್ಮನಿಗೂ ಕೇಳಿಸಿತು.

"ಕಣ್ಣು ಮುಚ್ಚಿದ್ದು ಯಾಕೆ ಅಂತಾನೂ ಹೇಳೇ!" ಎಂದು ಅಲ್ಲಿಂದಲೇ ಕೂಗಿದಳು.